ಲಂಗರು ಮತ್ತು ಪ್ರಾರ್ಥನೆ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡುವ ದೋಣಿಯಲ್ಲಿ ಕೆಲವರು ಲೈಫ್ ಜಾಕೆಟನ್ನು ತೊಡದೆ ಮಡಿಲಲ್ಲಿಟ್ಟುಕೊಂಡು, "ದೇವರು ಕಾಯುತ್ತಾನೆ" ಎನ್ನುವುದನ್ನು ಕೇಳಿದ್ದೇನೆ. ಆಗೆಲ್ಲ ನನಗೆ ನೆನಪಾಗುವುದು ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯ.

ಋತು ಮೀರಿದೆ, ಯಾನ ಅಪಾಯಕರ ಎಂದ ಸಂತ ಪೌಲರ ಮಾತಿಗೆ ಶತಾಧಿಪತಿ ಕಿವಿಗೊಡಲಿಲ್ಲ. ಹಡಗು ಬಿರುಗಾಳಿಗೆ ಸಿಕ್ಕಿತು. ಎಲ್ಲರೂ ಬದುಕುವರೆಂಬ ದೇವರ ವಾಗ್ದಾನವನ್ನು ಪೌಲರು ತಿಳಿಸಿದ ಮೇಲೂ ನಾವಿಕರು ಅಳತೆಯ ಗುಂಡು ಇಳಿಬಿಟ್ಟು ಆಳ ನೋಡಿದರು: 20 ಮಾರು, ಬಳಿಕ 15. ಹಡಗು ಬಂಡೆಗೆ ಬಡಿದೀತೆಂದು ಹಿಂಭಾಗದಿಂದ ನಾಲ್ಕು ಲಂಗರುಗಳನ್ನಿಳಿಸಿ, ಬೆಳಗಾಗಲೆಂದು ಪ್ರಾರ್ಥಿಸಿದರು. ಹಡಗು ಒಡೆದರೂ 276 ಮಂದಿಯೂ ದಡ ಸೇರಿದರು.

ವಾಗ್ದಾನವು ಎಚ್ಚರಿಕೆಯನ್ನು ಅನಗತ್ಯಗೊಳಿಸಲಿಲ್ಲ. ಪ್ರಿಯರೇ, ಮಳೆಗಾಲದ ಕಡಲಿಗೆ ಇಳಿಯದಿರುವುದು, ಸಾಗುವ ದೋಣಿಯಲ್ಲಿ ಎದ್ದು ನಿಲ್ಲದಿರುವುದು, ಮಗುವಿನ ಜಾಕೆಟಿನ ಪಟ್ಟಿಯನ್ನು ಬಿಗಿದು ಕಟ್ಟುವುದು, ಇವೂ ವಿಶ್ವಾಸದ ಕಾರ್ಯಗಳೇ. ಅವನ್ನು ಮಾಡಿ, ಉಳಿದುದನ್ನು ಪ್ರಭುವಿಗೆ ಒಪ್ಪಿಸೋಣ.