ಮೊಬೈಲಿನಲ್ಲಿ ಕಂಡ ಬೆಲೆ

ದಾಂಡೇಲಿಯಲ್ಲಿ ಈಗಷ್ಟೇ ಚಹಾ ಕುಡೀತಾ ಕೂತಿದ್ದೆ. ಪರಿಚಯದ ಹುಡುಗನೊಬ್ಬ ಮೊಬೈಲ್ ತೋರಿಸಿದ. ಕಾಳಿ ನದಿ ರಾಫ್ಟಿಂಗ್‌ಗೆ ಚೀನಾದಿಂದ ಗಾಳಿ ತುಂಬುವ ದೋಣಿ ತರಿಸ್ತಾನಂತೆ. "ನೋಡ್ರಿ ಅಣ್ಣಾ, ಎಷ್ಟು ಸೋವಿ!"

ಅದು ಅಲ್ಲಿನ ಬೆಲೆ ತಮ್ಮಾ. ಸಾಗಣೆ, ವಿಮೆ ಸೇರಿ 100 ರೂಪಾಯಿ ಅಂತ ಇಟ್ಕೋ. ಸುಂಕ ಶೇ 10 ಹಿಡಿದರೆ 10, ಆ ಸುಂಕದ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ 1. ಈ 111ರ ಮೇಲೆ ಶೇ 18 ಐಜಿಎಸ್‌ಟಿ ಅಂತ ಹಿಡಿ. ಹತ್ತಿರ ಹತ್ತಿರ 131 ಆಯ್ತು! ಬಂದರಿನ ಖರ್ಚು, ಏಜೆಂಟರ ಫೀ, ಘಟ್ಟ ಹತ್ತಿಸೋ ಲಾರಿ ಬಾಡಿಗೆ ಬೇರೆ. ಜಿಎಸ್‌ಟಿ ನೋಂದಣಿ ಇದ್ದರೆ ಐಜಿಎಸ್‌ಟಿ ಆಮೇಲೆ ಕ್ರೆಡಿಟ್ ಸಿಗಬಹುದು, ನಿಜ. ಆದರೆ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿ ಇರೋರಿಗೆ ಅದೂ ಇಲ್ಲ. ಸಣ್ಣ ಅಂಗಡಿಯವರಿಗೆ ಪೆಟ್ಟು ಬೀಳೋದು ಇಲ್ಲೇ.

ಹೊರಗಿನಿಂದ ಮಾಲು ತರಿಸೋಕೆ ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರ್ ಮಾಡಿಸೋದು ಸುಲಭ, ಆನ್‌ಲೈನಲ್ಲೇ 500 ರೂಪಾಯಿಗೆ ಆಗುತ್ತೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡದಿದ್ರೆ ಅದು ನಿಷ್ಕ್ರಿಯ ಆಗುತ್ತೆ ಅಂತ ಎಷ್ಟು ಜನರಿಗೆ ಗೊತ್ತು?

ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಯಾರಾದ್ರೂ ಹೊರದೇಶದಿಂದ ಮಾಲು ತರಿಸಿದ್ದೀರಾ? ನಾಲ್ಕು ಜನ ಕೂಡಿ ತರಿಸಿದ್ರೆ ಬಿಲ್ ಯಾರ ಹೆಸರಲ್ಲಿ ಮಾಡಿಸಿದ್ರಿ? ಗೊತ್ತಿದ್ದೋರು ಹೇಳ್ರಿ.