ತೀರ್ಪುಗಾರರ ತೀರ್ಮಾನವೇ ಅಂತಿಮ

ವ್ಯಾಪಾರ ಸಂಸ್ಥೆಗಳು ಏರ್ಪಡಿಸುವ ಸ್ಪರ್ಧೆಗಳ ಪ್ರಕಟಣೆಯಲ್ಲಿ ಬಹುಮಾನದ ಮೊತ್ತ ದೊಡ್ಡ ಅಕ್ಷರಗಳಲ್ಲಿರುತ್ತದೆ. ನಿಯಮಗಳು ಸಣ್ಣ ಅಕ್ಷರಗಳಲ್ಲಿರುತ್ತವೆ. ಆ ನಿಯಮಗಳ ಕಟ್ಟಕಡೆಯಲ್ಲಿ, ಪಂಕ್ತಿಯ ಕೊನೆಗೆ ಕುಳಿತ ಬಡ ನೆಂಟನಂತೆ, ಒಂದು ವಾಕ್ಯ ಸಾಮಾನ್ಯವಾಗಿ ಇದ್ದೇ ಇರುತ್ತದೆ: ‘ತೀರ್ಪುಗಾರರ ತೀರ್ಮಾನವೇ ಅಂತಿಮ.’ ಸ್ಪರ್ಧೆಗೆ ಸೇರುವಾಗ ಅದನ್ನು ಯಾರೂ ಓದುವುದಿಲ್ಲ. ಫಲಿತಾಂಶ ಬಂದ ದಿನ ಮನೆಮಂದಿಯೆಲ್ಲ ಅದನ್ನೇ ಓದುತ್ತಾರೆ.

ಒಂದು ಕಾಲದಲ್ಲಿ ಇಂಥ ಸ್ಪರ್ಧೆಗೆ ಸೋಪಿನ ಹೊದಿಕೆಯೊಂದನ್ನು ಲಗತ್ತಿಸಿ, ಅರ್ಧ ಬಿಟ್ಟ ವಾಕ್ಯವನ್ನು ಪೂರ್ತಿಮಾಡಿ ಅಂಚೆಗೆ ಹಾಕಿದರೆ ಸಾಕಾಗಿತ್ತು. ಸೋತರೆ ಅಂಚೆಚೀಟಿಯಷ್ಟೇ ನಷ್ಟ. ಈಗ ಕೇಳುವುದು ವೀಡಿಯೊ. ಒಂದು ನಿಮಿಷದ ಚಿತ್ರಕ್ಕಾಗಿ ಕಾಲೇಜಿನ ಹುಡುಗ ಹದಿನೈದು ದಿನ ನಿದ್ದೆಗೆಡುತ್ತಾನೆ. ತಂಗಿ ನಾಯಕಿಯಾಗುತ್ತಾಳೆ, ಅಜ್ಜಿ ಎರಡು ಮಾತನಾಡಿ ನಾಚಿಕೊಳ್ಳುತ್ತಾರೆ, ಅಡಿಗೆಮನೆಯೇ ಸ್ಟುಡಿಯೊ ಆಗುತ್ತದೆ. ಚಿತ್ರ ಅಂತರಜಾಲವನ್ನು ಏರಿದ ಮೇಲೆ ತಾಯಿಯ ಸರದಿ. ಮುಂಬಯಿಯ ಚಿಕ್ಕಪ್ಪನ ಮಗನಿಗೆ, ವರ್ಷಗಳಿಂದ ಮಾತು ಬಿಟ್ಟಿದ್ದ ಓರಗಿತ್ತಿಗೆ, ಶಿವಮೊಗ್ಗದ ಅತ್ತಿಗೆಗೆ ಫೋನು ಹೋಗುತ್ತದೆ: “ನಮ್ಮ ಹುಡುಗನ ಚಿತ್ರಕ್ಕೆ ಒಂದು ಓಟು ಒತ್ತಿಬಿಡಿ ಅತ್ತಿಗೆ, ಅಣ್ಣನ ಕೈಲೂ ಒತ್ತಿಸಿ.”

ಓಟಿನಲ್ಲಿ ಹುಡುಗ ಮೊದಲಿಗನಾಗುತ್ತಾನೆ. ಬಹುಮಾನ ಮಾತ್ರ ಇನ್ನಾರಿಗೋ ಹೋಗುತ್ತದೆ. ಆಗ ಮನೆಯಲ್ಲಿ ‘ಮೋಸ’ ಎಂಬ ಮಾತು ಏಳುತ್ತದೆ. ಸೋತವರ ಹೊಟ್ಟೆಕಿಚ್ಚೆಂದು ಅದನ್ನು ತಳ್ಳಿಹಾಕುವುದು ಸುಲಭ. ಸುಲಭವೇ ಹೊರತು ನ್ಯಾಯವಲ್ಲ. ಹಾಗೆಂದು ಸೋತದ್ದೆಲ್ಲ ಮೋಸದಿಂದಲೇ ಎನ್ನುವುದೂ ಸಲ್ಲದು. ಎರಡನ್ನೂ ಬೇರ್ಪಡಿಸಿ ನೋಡಲು ಹೊರನಾಡಿನ ಒಂದು ಪ್ರಸಂಗ ನೆರವಾಗುತ್ತದೆ.

2009ರ ಜನವರಿಯಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಪ್ರವಾಸೋದ್ಯಮ ಸಂಸ್ಥೆ ‘ಜಗತ್ತಿನ ಅತ್ಯುತ್ತಮ ಉದ್ಯೋಗ’ವೆಂಬ ಸ್ಪರ್ಧೆಯನ್ನು ಸಾರಿತು. ಹವಳದ ದಿಬ್ಬಗಳ ಬಳಿಯ ಹ್ಯಾಮಿಲ್ಟನ್ ದ್ವೀಪದಲ್ಲಿ ಆರು ತಿಂಗಳ ವಾಸ, ಅದಕ್ಕೆ 1,50,000 ಆಸ್ಟ್ರೇಲಿಯನ್ ಡಾಲರ್ ಸಂಬಳ. ಅಭ್ಯರ್ಥಿ ಕಳುಹಿಸಬೇಕಾದದ್ದು 60 ಸೆಕೆಂಡುಗಳ ವೀಡಿಯೊ. 34,000ಕ್ಕೂ ಹೆಚ್ಚು ಮಂದಿ ಕಳುಹಿಸಿದರು. ಆರಂಭದ ದಿನಗಳಲ್ಲೇ, ಯುವತಿಯೊಬ್ಬಳು ಆ ಹವಳದ ದಿಬ್ಬದ ಹಚ್ಚೆಯನ್ನು ತೋಳಿನ ಮೇಲೆ ಹಾಕಿಸಿಕೊಂಡ ವೀಡಿಯೊ ಎಲ್ಲರ ಕಣ್ಣು ಸೆಳೆಯಿತು. ಆಕೆ ಅಭ್ಯರ್ಥಿಯೇ ಅಲ್ಲ, ಆ ಚಿತ್ರ ಜಾಹೀರಾತು ಏಜೆನ್ಸಿಯ ಸೃಷ್ಟಿ ಎಂಬುದು ಬೇಗನೆ ಬಯಲಾಯಿತು. ಮುಂದೆ 50 ಮಂದಿಯ ಪಟ್ಟಿ ಹೊರಟಿತು. ಅವರಲ್ಲಿ ಜನರ ಓಟು ಅತಿ ಹೆಚ್ಚು ಪಡೆದವರಿಗೆ ಅಂತಿಮ ಸುತ್ತಿನಲ್ಲಿ ಒಂದು ಸ್ಥಾನ ನಿಶ್ಚಿತವಾಗಿತ್ತು. ಆ ಸ್ಥಾನ ತೈವಾನಿನ ಯುವತಿಗೆ ದೊರೆಯಿತು. ಉದ್ಯೋಗ ದೊರೆತದ್ದು ಮಾತ್ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಬೆನ್ ಸೌಥಾಲ್ ಎಂಬಾತನಿಗೆ.

ಓಟಿನಲ್ಲಿ ಗೆದ್ದಾಕೆಗೆ ಉದ್ಯೋಗ ತಪ್ಪಿದ್ದು ಅನ್ಯಾಯವೆ? ಅಲ್ಲ. ಓಟಿನ ಬೆಲೆ ಅಂತಿಮ ಸುತ್ತಿನ ಒಂದು ಸ್ಥಾನವೆಂದು ಮೊದಲೇ ತಿಳಿಸಲಾಗಿತ್ತು. ಹಚ್ಚೆಯ ಚಿತ್ರ ಯಾರ ಬಹುಮಾನವನ್ನೂ ಕಸಿಯಲಿಲ್ಲ. ಆದರೂ ತಪ್ಪು ಇದ್ದದ್ದು ಅಲ್ಲಿಯೇ. ತನ್ನೊಡನೆ ಓಡುತ್ತಿರುವವನು ಓಟಗಾರನೆಂದು ನಂಬಿದವನಿಗೆ, ಆತ ಓಟವನ್ನು ಏರ್ಪಡಿಸಿದವರ ಕಡೆಯ ಆಳೆಂದು ಯಾರೂ ಹೇಳಿರಲಿಲ್ಲ. ಸ್ಪರ್ಧೆಯ ನ್ಯಾಯ ಗೆದ್ದವರು ಯಾರೆಂಬುದರಲ್ಲಿ ಇಲ್ಲ. ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳಿದರೋ ಇಲ್ಲವೋ ಎಂಬುದರಲ್ಲಿದೆ.

ಓಟೇ ಪರಮ ಪ್ರಮಾಣವೆಂದು ಭಾವಿಸಬೇಕಾಗಿಲ್ಲ. ಅದು ಅಳೆಯುವುದು ಚಿತ್ರದ ಗುಣವನ್ನೋ ಬಂಧುಬಳಗದ ವಿಸ್ತಾರವನ್ನೋ ಹೇಳುವುದು ಕಷ್ಟ. ಒಬ್ಬನೇ ಹತ್ತು ಹೆಸರುಗಳಲ್ಲಿ ಓಟು ಒತ್ತಬಲ್ಲ. ಹಣ ತೆತ್ತರೆ ಓಟುಗಳನ್ನು ಒದಗಿಸುವವರೂ ಉಂಟು. ಆದ್ದರಿಂದ ತೀರ್ಪುಗಾರರು ಬೇಕು, ನಿಜ. ಅವರು ಹೊರಗಿನವರಾದರೆ ಮತ್ತೂ ಒಳ್ಳೆಯದು. ಅಮೆರಿಕದಲ್ಲಿ ಡೊರಿಟೋಸ್ ಎಂಬ ಕುರುಕಲು ತಿಂಡಿಯ ತಯಾರಕರು ಜನರಿಂದಲೇ ಜಾಹೀರಾತು ವೀಡಿಯೊಗಳನ್ನು ಮಾಡಿಸುವ ಸ್ಪರ್ಧೆಯನ್ನು 2006ರಲ್ಲಿ ಆರಂಭಿಸಿದರು. 2009ರಲ್ಲಿ ಇಂಡಿಯಾನಾ ಸಂಸ್ಥಾನದ ಇಬ್ಬರು ಸಹೋದರರಿಗೆ 10 ಲಕ್ಷ ಡಾಲರ್ ಸಂದಿತು. ಆ ಹಣ ಯಾರಿಗೆಂದು ಗೊತ್ತುಮಾಡಿದ್ದು ತಿಂಡಿಯವರಲ್ಲ. ‘ಯುಎಸ್‌ಎ ಟುಡೇ’ ಪತ್ರಿಕೆ ಪ್ರೇಕ್ಷಕರಿಂದ ಪಡೆದ ಅಂಕಗಳು.

ಭಾರತದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಬಹುಮಾನ ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶದ ವಿವರವನ್ನು ಭಾಗವಹಿಸಿದವರಿಂದ ಮರೆಮಾಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಆದರೆ ಸಂದೇಹ ಬೇರೆ, ಸಾಕ್ಷ್ಯ ಬೇರೆ. ‘ಕೌನ್ ಬನೇಗಾ ಕರೋಡ್‌ಪತಿ’ಯ ಜೊತೆಗೆ 2007ರಲ್ಲಿ ವೀಕ್ಷಕರಿಗಾಗಿ ನಡೆದ ಎಸ್‌ಎಂಎಸ್ ಸ್ಪರ್ಧೆಯ ಮೇಲೆ ದೂರು ಹೋಯಿತು. ಬಹುಮಾನದ ಹಣ ವೀಕ್ಷಕರೇ ತೆತ್ತ ಎಸ್‌ಎಂಎಸ್ ಶುಲ್ಕದಿಂದ ಬಂದದ್ದು ಎಂಬುದು ಆಕ್ಷೇಪ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಒಂದು ಕೋಟಿ ರೂಪಾಯಿಯ ದಂಡನಾರೂಪದ ಪರಿಹಾರ ವಿಧಿಸಿತು. ಸಾಕ್ಷ್ಯ ಸಾಲದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ಆದೇಶವನ್ನು ರದ್ದುಮಾಡಿತು. ದೂರು ಕೊಡುವವರು ನಿಯಮಗಳ ಪ್ರತಿಯನ್ನು ಮೊದಲ ದಿನವೇ ತೆಗೆದಿಡುವುದು ಲೇಸು. ನಿಯಮಗಳು ನಡುವೆ ಬದಲಾದರೆ ಅದೇ ಆಧಾರ.

ಸಂಸ್ಥೆಯವರೂ ಒಂದು ಲೆಕ್ಕವನ್ನು ನೆನಪಿನಲ್ಲಿಡಬೇಕು. ಬಹುಮಾನ ಪಡೆದವನಿಗೆ ಕೂಲಿ ಸಂದಿತು. ಉಳಿದವರು ಮಾಡಿದ ಚಿತ್ರಗಳೂ, ಅವರ ತಾಯಂದಿರು ಮಾಡಿದ ಫೋನುಗಳೂ ಸಂಸ್ಥೆಯ ಹೆಸರನ್ನು ಸಾವಿರ ಮನೆಗಳಿಗೆ ಮುಟ್ಟಿಸಿದವು. ಆ ದುಡಿಮೆಗೆ ಬಿಡಿಗಾಸೂ ಬೀಳಲಿಲ್ಲ. ಅದಕ್ಕೆ ಪ್ರತಿಯಾಗಿ ಅವರು ಕೇಳುವುದು ಹೆಚ್ಚೇನೂ ಅಲ್ಲ: ತೀರ್ಪು ಕೊಟ್ಟವರು ಯಾರು, ಯಾವುದಕ್ಕೆ ಎಷ್ಟು ಅಂಕ, ಓಟಿಗೆ ಎಷ್ಟು ಬೆಲೆ? ಇವನ್ನು ಮೊದಲೇ ತಿಳಿಸಿ ಕೊನೆಗೆ ಲೆಕ್ಕ ಒಪ್ಪಿಸಿದರೆ, ಸೋತ ಹುಡುಗ ಒಂದೆರಡು ದಿನ ಮುಖ ಸಪ್ಪೆಮಾಡಿಕೊಂಡಾನು. ಮೂರನೆಯ ದಿನ, ಗೆದ್ದ ಚಿತ್ರದಲ್ಲಿ ತನಗಿಂತ ಹೆಚ್ಚಿನದೇನಿದೆ ಎಂದು ಮತ್ತೊಮ್ಮೆ ನೋಡಲು ಕುಳಿತಾನು.