ಪ್ರತಿರೂಪಕ ವ್ಯವಹಾರ ಮತ್ತು ಒಂದು ಮ್ಯಾಂಡೊಲಿನ್

ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಕೃತ್ರಿಮ ಚಿನ್ನ ಮೊದಲಾದವುಗಳನ್ನಿಟ್ಟುಕೊಂಡು ವಂಚಿಸುವ ವ್ಯವಹಾರವೆಂದಿದ್ದಾರೆ. ನಾವು ವ್ಯಾಪಾರಸ್ಥರು ಸ್ವಾಧ್ಯಾಯದಲ್ಲಿ ಈ ಮಾತನ್ನು ಕೇಳುವಾಗ ತುಪ್ಪದಲ್ಲಿ ಡಾಲ್ಡಾ, ಬೆಳ್ಳಿಯಲ್ಲಿ ತವರ ಎಂದು ನೆನೆದು ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲಿ ಕಳೆದ ವರ್ಷ ದಶಲಕ್ಷಣ ಪರ್ವದ ಹೊತ್ತಿಗೆ ಈ ಮಾತಿನ ಮೇಲೆ ಖರೇ ಖರೇ ವಾದವೇ ನಡೆಯಿತು. ಅದಕ್ಕೆ ಕಾರಣ ಒಂದು ವಾದ್ಯ.

ನನ್ನ ತಂಗಿಯ ಮಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೌಕರಿಯಲ್ಲಿದ್ದಾನೆ. ಸೊಲ್ಲಾಪುರದಲ್ಲಿ ಓದುವಾಗಲೇ ಅವನಿಗೆ ಮ್ಯಾಂಡೊಲಿನ್ನಿನ ಹುಚ್ಚು. ಎರಡೆರಡರಂತೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿಯ ಸಣ್ಣ ವಾದ್ಯವದು. ಹಿಂದೀ ಸಿನಿಮಾದ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯಲ್ಲಿ ಲಕ್ಷ್ಮೀಕಾಂತರು ಇದನ್ನೇ ನುಡಿಸುತ್ತ ಮೇಲೆ ಬಂದವರು. 2014ರಲ್ಲಿ ತೀರಿಕೊಂಡ ಯು. ಶ್ರೀನಿವಾಸ್ ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತದ ಕಛೇರಿ ಮಾಡಿದ್ದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು.

ಅಳಿಯ ಒಂದು ರಾತ್ರಿ ಫೋನ್ ಮಾಡಿದ. ಆನ್‌ಲೈನಿನಲ್ಲಿ ಒಂದು ಜಾಹೀರಾತು ನೋಡಿದ್ದನಂತೆ: 1924ರ ಗಿಬ್ಸನ್ ಎಫ್-5, ಒಳಗೆ ಲಾಯ್ಡ್ ಲೋರ್ ಅವರ ಸಹಿ ಇದೆ, ಅಜ್ಜನ ಮನೆಯ ಅಟ್ಟದ ಮೇಲೆ ಸಿಕ್ಕಿತು, ಬೆಲೆ 9,500 ಡಾಲರ್. ಮನೆ ಕೊಳ್ಳಲೆಂದು ಕೂಡಿಟ್ಟ ಹಣದಲ್ಲಿ ಅದನ್ನು ತೆಗೆಯಬೇಕೆಂದಿದ್ದ.

"ಮಾಮಾ, ಇದ ಕೈತಪ್ಪಿದರ ಮತ್ತ ಸಿಗೂದಿಲ್ರಿ. ಖರೇ ಖೋಟಾ ನೋಡೂದು ನಿಮ್ಮ ಕಸುಬ, ಒಮ್ಮೆ ಫೋಟೋ ನೋಡ್ರಿ" ಅಂದ.

ನನ್ನ ಕಸುಬು ಚಾದರದ್ದು. ಬೇರೆ ಊರಲ್ಲಿ ನೇಯ್ದು ಸೊಲ್ಲಾಪುರದ ಚೀಟಿ ಅಂಟಿಸಿದ ಚಾದರವನ್ನು ಗುರುತಿಸಬಲ್ಲೆ. ಮ್ಯಾಂಡೊಲಿನ್ನಿನ ಶಾಸ್ತ್ರ ಗೊತ್ತಿರಲಿಲ್ಲ. ಆದರೂ ಎರಡು ವಾರ ಇಬ್ಬರೂ ಕೂಡಿ ನೋಡಿದೆವು. ನೋಡುತ್ತ ಹೋದಂತೆ ಚಾದರಕ್ಕೂ ಇದಕ್ಕೂ ಬಹಳ ಅಂತರವಿಲ್ಲ ಅನ್ನಿಸಿತು.

ಮೊದಲು ಮಾಲಿನ ಪೂರ್ವಾಪರ. ಮಿಶಿಗನ್ನಿನ ಕಲಮಜೂ ಪಟ್ಟಣದಲ್ಲಿ ಆರ್ವಿಲ್ ಗಿಬ್ಸನ್ ಎಂಬವರು ಪಿಟೀಲಿನಂತೆ ಹಲಗೆಯನ್ನು ಕೆತ್ತಿ ಮ್ಯಾಂಡೊಲಿನ್ ಮಾಡಿದರು. ಅವರ ಹೆಸರಿನ ಕಂಪನಿ 1902ರಲ್ಲಿ ಶುರುವಾಯಿತು. 1919ರಲ್ಲಿ ಅಲ್ಲಿಗೆ ಸೇರಿದ ಲಾಯ್ಡ್ ಲೋರ್ ಅವರ ಕಾಲದಲ್ಲಿ, 1922ರಲ್ಲಿ, ಎಫ್-5 ಬಂತು. ತಾವು ಪರೀಕ್ಷಿಸಿದ ವಾದ್ಯದೊಳಗೆ ತಾರೀಖು ಬರೆದು ಸಹಿ ಮಾಡಿದ ಚೀಟಿ ಅಂಟಿಸುತ್ತಿದ್ದರು. 1924ರ ಕೊನೆಗೆ ಕಂಪನಿ ಬಿಟ್ಟರು. ಆಗ ಮ್ಯಾಂಡೊಲಿನ್ನಿನ ಗೀಳೇ ಇಳಿಮುಖವಾಗಿದ್ದರಿಂದ ವ್ಯಾಪಾರದ ದೃಷ್ಟಿಯಿಂದ ಎಫ್-5 ದೊಡ್ಡ ಲಾಭ ತರಲಿಲ್ಲ.

ಮುಂದೆ 1940ರ ದಶಕದಲ್ಲಿ ಬಿಲ್ ಮನ್ರೋ ಎಂಬ ಹಾಡುಗಾರ ಮಯಾಮಿಯ ಒಂದು ಕ್ಷೌರದ ಅಂಗಡಿಯಲ್ಲಿ ಇಂಥದೊಂದನ್ನು 150 ಡಾಲರಿಗೆ ಕೊಂಡರು. ಅದರ ಚೀಟಿಯಲ್ಲಿ 1923ರ ಜುಲೈ 9ರ ತಾರೀಖಿತ್ತು. ಅದನ್ನು ನುಡಿಸಿಯೇ ಅವರು ಬ್ಲೂಗ್ರಾಸ್ ಎಂಬ ಸಂಗೀತವನ್ನು ಬೆಳೆಸಿದರು. ಇಂದು ಲೋರ್ ಸಹಿಯ ಎಫ್-5 ಲಕ್ಷ ಡಾಲರ್ ದಾಟುತ್ತದೆ. ಆ ಕ್ಷೌರದ ಅಂಗಡಿಯ ಕಥೆ ಎಲ್ಲರಿಗೂ ಗೊತ್ತು. ಅದಕ್ಕೇ ಅಟ್ಟದ ಮೇಲಿನ ಅಜ್ಜನ ಕಥೆಗೆ ಗಿರಾಕಿ ಸಿಗುತ್ತಾನೆ.

ಲಕ್ಷದ ಮಾಲು ಒಂಬತ್ತೂವರೆ ಸಾವಿರಕ್ಕೆ ಬಂದರೆ ನಮ್ಮ ಪೇಟೆಯಲ್ಲಿ ಎರಡೇ ಅನುಮಾನ: ಖೋಟಾ, ಇಲ್ಲವೇ ಕದ್ದದ್ದು. ಕದ್ದ ಮಾಲು ಕೊಳ್ಳುವುದೂ ಅದೇ ವ್ರತದ ಇನ್ನೊಂದು ಅತಿಚಾರವೇ.

ಬೆಲೆಯ ನಂತರ ಕಾಲ ನೋಡಬೇಕು. ನಕಲು ಮಾಡುವವನು ಕಣ್ಣಿಗೆ ಚಂದ ಕಾಣುವುದನ್ನೆಲ್ಲ ಒಂದೇ ವಾದ್ಯದಲ್ಲಿ ತುಂಬುತ್ತಾನೆ, ಯಾವುದು ಯಾವಾಗ ಬಂತೆಂಬ ಲೆಕ್ಕ ಇಡುವುದಿಲ್ಲ. 1922ಕ್ಕೆ ಮೊದಲಿನ ಗಿಬ್ಸನ್ ಮ್ಯಾಂಡೊಲಿನ್ನುಗಳ ಹಲಗೆಯಲ್ಲಿ ದುಂಡು ಅಥವಾ ಮೊಟ್ಟೆಯಾಕಾರದ ತೂತು ಇರುತ್ತದೆ. ಪಿಟೀಲಿನಂಥ ಎಫ್ ಆಕಾರದ ತೂತುಗಳು ಬಂದದ್ದು ಎಫ್-5 ಜೊತೆ. ಹಾಗೆಯೇ ಕುತ್ತಿಗೆಯೊಳಗೆ ಬಿಗಿ ಮಾಡುವ ಉಕ್ಕಿನ ಸರಳೂ ಸುಮಾರು ಆ ಹೊತ್ತಿಗೇ ಬಂತು. 1912ರ ಮಾಲೆಂದು ಹೇಳಿ ಇವೆರಡನ್ನೂ ತೋರಿಸಿದರೆ ಮುಂದೆ ನೋಡುವ ಅಗತ್ಯವಿಲ್ಲ. ಲೋರ್ ಸಹಿಯ ಮೇಲೆ 1926ರ ತಾರೀಖಿದ್ದರೂ ಅಷ್ಟೇ. ಸಾದಾ ಎ ಆಕಾರದ ಮಾದರಿಯಲ್ಲಿ ಲೋರ್ ಸಹಿ ಇರುವುದು ಇದುವರೆಗೆ ಒಂದೇ ಒಂದು ಗೊತ್ತಾಗಿದೆ. ಆದರೆ ಕುದುರೆ, ಕಿವಿ, ತಂತಿ ಕಟ್ಟುವ ತಗಡು ಇವುಗಳನ್ನು ನಂಬಿ ತೀರ್ಮಾನಿಸಬಾರದು. ನೂರು ವರ್ಷದಲ್ಲಿ ಯಾರೋ ಬದಲಿಸಿರಬಹುದು. ಹೊಸ ಕುದುರೆ ಇದ್ದಮಾತ್ರಕ್ಕೆ ವಾದ್ಯ ಖೋಟಾ ಆಗುವುದಿಲ್ಲ, ಹಳೆಯ ಕಿವಿ ಇದ್ದಮಾತ್ರಕ್ಕೆ ಖರೇ ಆಗುವುದೂ ಇಲ್ಲ.

ನನಗೆ ಹೆಚ್ಚು ರುಚಿಸಿದ್ದು ಸವೆತದ ವಿಚಾರ. ನಮ್ಮ ಅಂಗಡಿಯ ಹಳೆಯ ಕಟ್ಟಿಗೆ ಗಜಕೋಲು ಹೆಬ್ಬೆರಳು ಒತ್ತುವ ಕಡೆ ಮಾತ್ರ ನುಣುಪಾಗಿದೆ, ನಡುವೆ ಇಂದಿಗೂ ಒರಟು. ವಾದ್ಯವೂ ಹಾಗೇ ಸವೆಯುತ್ತದೆ. ಬಲಮೊಳಕೈ ತಾಗುವ ಅಂಚು, ಎಡಹೆಬ್ಬೆರಳು ಜಾರುವ ಕುತ್ತಿಗೆ, ಮೊದಲ ಕೆಲವು ಮನೆಗಳಲ್ಲಿ ತಂತಿಯ ಕೆಳಗೆ ಮಾತ್ರ ಗುಳಿ ಬಿದ್ದ ಪಟ್ಟಿಗಳು. ಅಳಿಯ ಕಳಿಸಿದ ಫೋಟೋದಲ್ಲಿ ಬಣ್ಣ ಎಲ್ಲೆಲ್ಲೂ ಒಂದೇ ಸಮ ಕೆರೆದಿತ್ತು, ಪಟ್ಟಿಗಳು ನಿನ್ನೆ ಬಡಿದಂತೆ ಹೊಳೆಯುತ್ತಿದ್ದವು. ನೂರು ವರ್ಷ ಅಟ್ಟದ ಮೇಲಿದ್ದ ವಾದ್ಯದ ಮೈ ಸವೆಯಿತು, ಪಟ್ಟಿ ಸವೆಯಲಿಲ್ಲ ಅಂದರೆ ನುಡಿಸಿದವರು ಯಾರು?

ಕೊನೆಗೆ ನಿರ್ಣಯವಾದದ್ದು ಕ್ರಮಸಂಖ್ಯೆಯಿಂದ. ಮ್ಯಾಂಡೊಲಿನ್ ಆರ್ಕೈವ್ ಎಂಬ ಸಂಗ್ರಹದಲ್ಲಿ ಹಳೆಯ ಗಿಬ್ಸನ್‌ಗಳ ಸಂಖ್ಯೆ, ತಾರೀಖು, ಫೋಟೋ ಕೂಡಿಸಿಟ್ಟಿದ್ದಾರೆ. ಆ ಸಂಖ್ಯೆಯ ವಾದ್ಯ ಅಲ್ಲಿತ್ತು. ಅದರ ಬೆನ್ನಿನ ಮೇಪಲ್ ಕಟ್ಟಿಗೆಯ ಅಲೆಗಳು ಬೇರೆ, ಇದರವು ಬೇರೆ. ಕಟ್ಟಿಗೆಯ ಅಲೆ ಹೆಬ್ಬೆಟ್ಟಿನ ಗುರುತಿದ್ದಂತೆ, ಎರಡರಲ್ಲಿ ಒಂದೇ ಬರುವುದಿಲ್ಲ. ಇವತ್ತಿನ ಪತ್ರಿಕೆ ಪಕ್ಕಕ್ಕಿಟ್ಟು, ಒಳಗಿನ ಚೀಟಿ ಕಾಣುವಂತೆ ಇನ್ನೊಂದು ಫೋಟೋ ಕಳಿಸಿರೆಂದು ಅಳಿಯ ಕೇಳಿದ. ಫೋಟೋ ಬರಲಿಲ್ಲ. 500 ಡಾಲರ್ ಕಡಿಮೆ ಮಾಡುತ್ತೇನೆ, ಹಣವನ್ನು ನೇರ ಬ್ಯಾಂಕಿಗೆ ಹಾಕಿ ಎಂಬ ಉತ್ತರ ಬಂತು.

ಇಲ್ಲಿ ಒಂದು ಮಾತು ನಮ್ಮವರಿಗಾಗಿ ಹೇಳಬೇಕು. ಹಳೆಯ ಇಟಲಿಯ ಮ್ಯಾಂಡೊಲಿನ್ನುಗಳಲ್ಲಿ ಆಮೆಚಿಪ್ಪು, ಆನೆದಂತ ಇರುವುದುಂಟು. ಗಿಬ್ಸನ್‌ನಲ್ಲಿ ಆಮೆಚಿಪ್ಪಿನಂತೆ ಕಾಣುವ ಸೆಲ್ಯುಲಾಯ್ಡ್ ತಗಡು ಹಾಕುತ್ತಿದ್ದರು. ಆದರೂ ಜೋಡಣೆಗೆ ಚರ್ಮದಿಂದ ಕಾಸಿದ ಸರೇಸು, ಹೆಸರಿಗೆ ಮುತ್ತಿನ ಚಿಪ್ಪು. ಜಾಣರು ಆ ಸರೇಸನ್ನೇ ಅಸಲಿನ ಗುರುತೆಂದು ಹುಡುಕುತ್ತಾರೆ. ಸೆಲ್ಯುಲಾಯ್ಡ್ ನಕಲೇ, ಆದರೆ ಯಾರಿಗೂ ಮೋಸವಿಲ್ಲ, ಒಂದು ಆಮೆ ಉಳಿಯಿತು. ನಕಲೆಲ್ಲ ಪ್ರತಿರೂಪಕವಲ್ಲ, ವಂಚನೆ ಬೇಕು ಎಂದು ಆಚಾರ್ಯರು ಹೇಳಿದ್ದರ ಅರ್ಥ ನನಗೆ ಆಗ ಚೆನ್ನಾಗಿ ತಿಳಿಯಿತು.

ವಾದ ಎದ್ದದ್ದು ಇದರ ನಂತರ. ಅಳಿಯನ ಸಹೋದ್ಯೋಗಿ ಒಬ್ಬ, ಕಷ್ಟಕಾಲದಲ್ಲಿ ಇವನಿಗೆ ಬಹಳ ನೆರವಾದವನು, ಇಂಥದೇ ಒಂದನ್ನು 4,000 ಡಾಲರಿಗೆ ಮೊದಲೇ ಕೊಂಡಿದ್ದ. ಇವನು ನೋಡಿ ಖೋಟಾ ಎಂದ. ಹಿಂತಿರುಗಿಸುವ ಅವಧಿ ಮುಗಿದಿತ್ತು. "ನಾನು ಸುಳ್ಳೇನೂ ಬರೆಯುವುದಿಲ್ಲ, ಒಳ್ಳೆಯ ಫೋಟೋ ಹಾಕಿ ಮಾರುತ್ತೇನೆ, ಕೊಳ್ಳುವವನು ನೋಡಿಕೊಳ್ಳಲಿ. ಫೋಟೋ ನೀನೇ ತೆಗೆದುಕೊಡು" ಎಂದನಂತೆ.

ನನ್ನ ತಂಗಿ ಅವನ ಪಕ್ಷ ವಹಿಸಿದಳು. "ಪಾಪ, ಅವನೂ ಮೋಸ ಹೋದಾಂವನ ಅಲ್ಲೇನಣ್ಣಾ? ಫೋಟೋ ತೆಗದಕೊಟ್ಟರ ಇವನಿಗೆ ಯಾವ ದೋಷ?" ಅಂದಳು. ಉಪಕಾರ ಮಾಡಿದ ಗೆಳೆಯನಿಗೆ ಇಷ್ಟೂ ಮಾಡದಿದ್ದರೆ ಹೇಗೆಂಬುದು ಅವಳ ಪ್ರಶ್ನೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ನಾನು ನಮ್ಮ ಅಪ್ಪಾಜಿಯ ರೂಢಿ ಹೇಳಿದೆ. ಬೇರೆ ಊರಿನ ಚಾದರವನ್ನು ಅವರು ಬೇರೆ ಕಪಾಟಿನಲ್ಲಿ ಇಡುತ್ತಿದ್ದರು. ಗಿರಾಕಿ ಕೇಳುವ ಮೊದಲೇ "ಇದು ಸೊಲ್ಲಾಪುರದ್ದಲ್ಲ" ಎನ್ನುತ್ತಿದ್ದರು. ಆ ವಾದ್ಯದ ತಲೆಯ ಮೇಲೆ ಚಿಪ್ಪಿನ ಅಕ್ಷರದಲ್ಲಿ ಗಿಬ್ಸನ್ ಎಂದು ಕೆತ್ತಿದೆ. ಮಾರುವವನು ಬಾಯಿ ಮುಚ್ಚಿಕೊಂಡರೂ ಅದು ಸುಳ್ಳು ಹೇಳುತ್ತಲೇ ಇರುತ್ತದೆ, ಆ ಅಕ್ಷರವನ್ನು ಚಂದವಾಗಿ ತೋರಿಸುವುದೇ ಫೋಟೋದ ಕೆಲಸ.

ಅಳಿಯ ಫೋಟೋ ತೆಗೆಯಲಿಲ್ಲ. ಗೆಳೆಯ ಎರಡು ತಿಂಗಳು ಮಾತು ಬಿಟ್ಟ. ಆಮೇಲೆ ವಾದ್ಯ ಮಾಡುವವನ ಹತ್ತಿರ ಒಯ್ದು ತಲೆಯ ಮೇಲಿನ ಹೆಸರನ್ನು ತೆಗೆಸಿ, ಈಗ ಅದರ ಮೇಲೇ ಪಾಠ ಕಲಿಯುತ್ತಿದ್ದಾನಂತೆ. ಕಟ್ಟಿಗೆ ಕೆಟ್ಟದ್ದೇನಲ್ಲ ಎಂದು ಅಳಿಯ ಹೇಳುತ್ತಾನೆ. ನಾಲ್ಕು ಸಾವಿರ ಮಾತ್ರ ತಿರುಗಿ ಬರಲಿಲ್ಲ.

ಅಳಿಯ ಈ ವರ್ಷ ಒಬ್ಬ ವ್ಯಾಪಾರಿಯ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ, 1917ರ ಸಾದಾ ಎ ಮಾದರಿಯೊಂದನ್ನು 1,600 ಡಾಲರಿಗೆ ಕೊಂಡ. ಬಿಲ್ಲಿನ ಪ್ರತಿಯನ್ನು ನನಗೂ ಕಳಿಸಿದ್ದಾನೆ. ಕಿವಿಗಳು ಬದಲಾಗಿವೆ, ಮೇಲ್ಹಲಗೆಯಲ್ಲಿ ಒಂದು ಬಿರುಕನ್ನು ಅಂಟಿಸಿದೆ, ಪೆಟ್ಟಿಗೆ ಆ ಕಾಲದ್ದಲ್ಲ ಎಂದು ಮಾರಿದವನೇ ತನ್ನ ಕೈಯಾರೆ ಬರೆದು ಸಹಿ ಹಾಕಿದ್ದಾನೆ.